ಪೆಟ್ರೋಲ್: ದೇಶಕ್ಕೊಂದು ಬೆಲೆ ಯಾಕೆ?

ಗಾಂಧಿ ಬಜಾರಿನಲ್ಲಿ ಹೂ ಮಾರುವ ಅಕ್ಕನಿಗೂ ಪೆಟ್ರೋಲಿಗೂ ಏನು ಸಂಬಂಧ? ಇದೆ. ಕೆ.ಆರ್. ಮಾರ್ಕೆಟ್ಟಿನಿಂದ ಹೂ ತರುವ ಸ್ಕೂಟರಿಗೆ ಪೆಟ್ರೋಲ್ ಬೇಕಲ್ಲ!

2021ರ ದೀಪಾವಳಿಗೆ ಮುಂಚೆ ಬೆಂಗಳೂರಿನಲ್ಲಿ ಲೀಟರಿಗೆ ಸುಮಾರು 114 ರೂಪಾಯಿ ಇತ್ತು. ಎರಡೇ ದಿನದಲ್ಲಿ 13 ರೂಪಾಯಿ ಇಳಿಯಿತು. ಎಣ್ಣೆ ಅಗ್ಗವಾಯಿತೇ? ಇಲ್ಲ. ನಾವು ಬಂಕಿನಲ್ಲಿ ಕೊಡುವ ದುಡ್ಡಿನಲ್ಲಿ ತೆರಿಗೆಯೂ ಸೇರಿದೆ. ದಿಲ್ಲಿ ಸರ್ಕಾರ, ರಾಜ್ಯ ಸರ್ಕಾರ ಎರಡೂ ಆ ತೆರಿಗೆ ಇಳಿಸಿದವು. ಅಷ್ಟೇ.

ಆ ವರ್ಷ ಬೇರೆ ದೇಶಗಳಲ್ಲಿ ಹೇಗಿತ್ತು? ಕುವೈತಿನಲ್ಲಿ ನೆಲದಡಿ ಬೇಕಾದಷ್ಟು ಎಣ್ಣೆ ಇದೆ. ಅಲ್ಲಿ ಪೆಟ್ರೋಲ್ ಬಹಳ ಅಗ್ಗ. ಎಣ್ಣೆ ಸಿಗುವ ಕಡೆಯೆಲ್ಲ ಅಗ್ಗ ಅಂದುಕೊಂಡಿರಾ? ನಾರ್ವೆಯಲ್ಲಿ ಸಮುದ್ರದಡಿ ಎಣ್ಣೆ ಸಿಗುತ್ತದೆ. ಆದರೆ ತೆರಿಗೆ ಜಾಸ್ತಿ. ಪೆಟ್ರೋಲ್ ನಮಗಿಂತ ದುಬಾರಿ ಇತ್ತು. ಇನ್ನು ನಮ್ಮ ಪಕ್ಕದ ಭೂತಾನ್ ನೋಡಿ. ಅಲ್ಲಿಗೆ ಪೆಟ್ರೋಲ್ ಹೋಗುವುದೇ ನಮ್ಮ ದೇಶದಿಂದ! ಆದರೂ ಅಲ್ಲಿ ನಮಗಿಂತ ಎಷ್ಟೋ ಕಡಿಮೆ ಇತ್ತು. ಅಲ್ಲಿನ ತೆರಿಗೆ ಕಡಿಮೆ.

ಹಾಗಂತ ತೆರಿಗೆಯೇ ಬೇಡ ಅನ್ನೋಕಾಗುತ್ತಾ? ಶಾಲೆ, ಆಸ್ಪತ್ರೆ, ರಸ್ತೆಗೆ ಆ ದುಡ್ಡೂ ಬೇಕು. ಎಷ್ಟು ಹಾಕಬೇಕು ಅನ್ನುವುದೇ ಜಗಳ. 2024ರ ಜೂನ್ ತಿಂಗಳಲ್ಲಿ ನಮ್ಮ ರಾಜ್ಯ ಮತ್ತೆ ತೆರಿಗೆ ಏರಿಸಿತು. ಲೀಟರಿಗೆ 3 ರೂಪಾಯಿ ಹೆಚ್ಚಾಯಿತು.