ಹದಿನಾರು ಸಾವಿರದ ರೋಗಕ್ಕೆ 180 ರೂಪಾಯಿ ಮದ್ದು

ಕಾರು ನಿಂತಿದೆ, ಗೇರು ನ್ಯೂಟ್ರಲ್‌ನಲ್ಲಿದೆ, ಆಕ್ಸಿಲರೇಟರ್ ಮೇಲೆ ಕಾಲಿಲ್ಲ. ಆದರೂ ಯಾರೋ ರೇಸ್ ಕೊಡುತ್ತಿದ್ದಾರೇನೋ ಎಂಬಂತೆ ಎಂಜಿನ್ ಗುಂಯ್‌ಗುಡುತ್ತದೆ. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಇದು ‘ಐಡ್ಲಿಂಗ್ ಜಾಸ್ತಿ’. ಕಳೆದ ಸೆಮಿಸ್ಟರ್ ರಜೆಯಲ್ಲಿ ನಮ್ಮನೆ ಕಾರಿಗೆ ಬಂದದ್ದು ಇದೇ ಕಾಯಿಲೆ.

ಅಪ್ಪನಿಗೆ ಆ ಕಾರೇ ಅಂಗಡಿ. ಸೀರೆ, ಬೆಡ್‌ಶೀಟ್ ತುಂಬಿಕೊಂಡು ದಾವಣಗೆರೆ ಸುತ್ತಲಿನ ಸಂತೆಗಳಿಗೆ ಹೋಗುತ್ತಾರೆ. ಹದಿಮೂರು ವರ್ಷ ಹಳೆಯ ಪೆಟ್ರೋಲ್ ಗಾಡಿ. ಎಂಜಿನ್ ಬಿಸಿಯಾದ ಮೇಲೂ ಮೀಟರ್ ಮುಳ್ಳು 1,600 ಆರ್‌ಪಿಎಂನಿಂದ ಕೆಳಗಿಳಿಯುತ್ತಿರಲಿಲ್ಲ. ಸಂತೆಯ ಜನರ ನಡುವೆ ಕ್ಲಚ್ ಬಿಟ್ಟರೆ ಸಾಕು, ಗಾಡಿ ಮುನ್ನುಗ್ಗುತ್ತಿತ್ತು. ಪೆಟ್ರೋಲ್ ಖರ್ಚೂ ಏರಿತ್ತು. ಗ್ಯಾರೇಜಿನವರು ಥ್ರಾಟಲ್ ಬಾಡಿ ಬದಲಿಸಬೇಕು, 16 ಸಾವಿರ ಆಗುತ್ತದೆ ಎಂದರು. ‘ನಿನ್ನ ಫೀಸ್ ಕಟ್ಟಿದ ಮೇಲೆ ನೋಡೋಣ ಬಿಡು’ ಎಂದು ಅಪ್ಪ ಸುಮ್ಮನಾದರು. ಮೆಕ್ಯಾನಿಕಲ್ ಓದುವ ನನಗೆ ಆ ಮಾತು ಚುಚ್ಚಿತು. ‘ಎರಡು ದಿನ ಟೈಮ್ ಕೊಡಪ್ಪ’ ಎಂದೆ.

ಪೆಟ್ರೋಲ್ ಎಂಜಿನ್ನಿನ ಓಟವನ್ನು ನಿರ್ಧರಿಸುವುದು ಅದರೊಳಗೆ ಹೋಗುವ ಗಾಳಿ. ಆಕ್ಸಿಲರೇಟರ್ ತುಳಿದರೆ ಥ್ರಾಟಲ್‌ನ ತಟ್ಟೆ ತೆರೆದು ಗಾಳಿ ನುಗ್ಗುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಇಸಿಯು ಚಿಮ್ಮಿಸುತ್ತದೆ. ಕಾಲು ತೆಗೆದಾಗ ತಟ್ಟೆ ಮುಚ್ಚುತ್ತದೆ. ಆಗ ಎಂಜಿನ್ ಆಫ್ ಆಗದಂತೆ ಪಕ್ಕದ ಕಿರುದಾರಿಯಿಂದ ಒಂದಿಷ್ಟು ಗಾಳಿ ಬಿಡುವುದು ಐಡಲ್ ಏರ್ ಕಂಟ್ರೋಲ್ ವಾಲ್ವ್. ಬಿಸಿಯಾದ ಸಣ್ಣ ಕಾರು ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂನಲ್ಲಿ ನಿಲ್ಲಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಎಸಿ ಹಾಕಿದಾಗ ಸ್ವಲ್ಪ ಏರುವುದು ಸಹಜ, ಅದು ದೋಷವಲ್ಲ.

ಹಾಗಾದರೆ ನಮ್ಮ ಗಾಡಿಗೆ ಹೆಚ್ಚುವರಿ ಗಾಳಿ ಎಲ್ಲಿಂದ? ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚುವ ಕೆಲಸ ಆಮೇಲೆ, ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಶುರುಮಾಡಿದೆ. ಮೊದಲು ಆಕ್ಸಿಲರೇಟರ್ ಕೇಬಲ್. ಎಳೆದು ನೋಡಿದರೆ ಸ್ವಲ್ಪ ಸಡಿಲ ಇತ್ತು, ಅಂದರೆ ತಟ್ಟೆಯನ್ನು ಅದು ಎಳೆದು ಹಿಡಿದಿಲ್ಲ. ಆಮೇಲೆ ಗೆಳೆಯನಿಂದ ಒಬಿಡಿ ಅಡಾಪ್ಟರ್ ತಂದು ಮೊಬೈಲಿಗೆ ಜೋಡಿಸಿದೆ. ಕೂಲಂಟ್ ಸೆನ್ಸರ್ ಕೆಟ್ಟಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು ರೇಸ್ ಏರಿಸಿಡುತ್ತದೆ. ಆದರೆ ಸ್ಕ್ರೀನ್‌ನಲ್ಲಿ 88 ಡಿಗ್ರಿ ತೋರಿಸುತ್ತಿತ್ತು. ಸೆನ್ಸರ್ ಸರಿಯಿದೆ.

ಸುಳಿವು ಸಿಕ್ಕಿದ್ದು ಮುಂದಿನ ಸಾಲಿನಲ್ಲಿ. ಐಡಲ್ ವಾಲ್ವ್‌ಗೆ ಇಸಿಯು ಕೊಡುತ್ತಿದ್ದ ಆದೇಶ ಹೆಚ್ಚೂಕಡಿಮೆ ಸೊನ್ನೆ! ಅಂದರೆ ಇಸಿಯು ತನ್ನ ಬಾಗಿಲು ಮುಚ್ಚು ಎನ್ನುತ್ತಿದೆ, ಆದರೂ ಗಾಳಿ ಬರುತ್ತಿದೆ. ಒಂದೋ ವಾಲ್ವ್ ಮಸಿ ಹಿಡಿದು ತೆರೆದೇ ಉಳಿದಿದೆ, ಇಲ್ಲವೇ ಬೇರೆಲ್ಲೋ ತೂತಿದೆ. ವಾಲ್ವ್ ಬಿಚ್ಚಿ ಕ್ಲೀನರ್ ಹಾಕಿ ತೊಳೆದೆ. ಕಪ್ಪು ಮಸಿ ಹರಿಯಿತು, ಆದರೆ ಆರ್‌ಪಿಎಂ 1,550. ಉಳಿದದ್ದು ತೂತು.

‘ತೂತಿದ್ದರೆ ಚೆಕ್ ಎಂಜಿನ್ ಲೈಟ್ ಹತ್ತಬೇಕಲ್ಲವೇ?’ ಎಂದು ನೀವು ಕೇಳಬಹುದು. ನಮ್ಮ ಗಾಡಿಯಲ್ಲಿ ಗಾಳಿಯನ್ನು ಅಂದಾಜಿಸುವುದು ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್. ತೂತಿನಿಂದ ಬಂದ ಗಾಳಿಯೂ ಅದರ ಲೆಕ್ಕಕ್ಕೆ ಸೇರುತ್ತದೆ, ಅದಕ್ಕೂ ಪೆಟ್ರೋಲ್ ಸಿಗುತ್ತದೆ. ಹಾಗಾಗಿ ಎಂಜಿನ್ ನಡುಗದೆ ಜೋರಾಗಿ ಓಡುತ್ತದೆ, ಲೈಟ್ ಹತ್ತುವುದಿಲ್ಲ.

ಮ್ಯಾನಿಫೋಲ್ಡ್‌ಗೆ ಸೇರುವ ರಬ್ಬರ್ ಪೈಪ್‌ಗಳನ್ನು, ಬಟ್ಟೆ ಸುತ್ತಿದ ಇಕ್ಕಳದಿಂದ ಒಂದೊಂದಾಗಿ ಒತ್ತಿ ಹಿಡಿದೆ. ಬ್ರೇಕ್ ಬೂಸ್ಟರ್ ಪೈಪ್ ಒತ್ತಿದಾಗ ಏನೂ ಬದಲಾಗಲಿಲ್ಲ. ಕ್ರ್ಯಾಂಕ್‌ಕೇಸಿನ ಹೊಗೆಯನ್ನು ವಾಪಸ್ ಎಂಜಿನ್‌ಗೆ ಕಳಿಸುವ ಪಿಸಿವಿ ಪೈಪನ್ನು ಮ್ಯಾನಿಫೋಲ್ಡ್ ಹತ್ತಿರ ಒತ್ತಿದೆ. ಗುಂಯ್‌ಗುಟ್ಟುವಿಕೆ ಥಟ್ಟನೆ ಅಡಗಿತು, ಮುಳ್ಳು 850ಕ್ಕೆ ಬಂತು! ಸರಿಯಾದ ಎಂಜಿನ್ನಿನಲ್ಲೂ ಈ ಪೈಪ್ ಒತ್ತಿದರೆ ಆರ್‌ಪಿಎಂ ಕೊಂಚ ಇಳಿಯುತ್ತದೆ, ಇಷ್ಟೊಂದು ಇಳಿಯುವುದಿಲ್ಲ. ಮೇಲಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಪೈಪಿನ ಬಗ್ಗುವ ಜಾಗಕ್ಕೆ ಕೆಳಗಿನಿಂದ ಕನ್ನಡಿ ಹಿಡಿದು ಮೊಬೈಲ್ ಟಾರ್ಚ್ ಬಿಟ್ಟೆ. ವರ್ಷಗಟ್ಟಲೆ ಆಯಿಲ್ ಆವಿ ಕುಡಿದು ಮೆತ್ತಗಾದ ರಬ್ಬರ್ ಉದ್ದಕ್ಕೆ ಸೀಳಿತ್ತು.

ಹೊಸ ಪೈಪ್‌ಗೆ 180 ರೂಪಾಯಿ. ಹಾಕಿದ ಮೇಲೆ ಬ್ಯಾಟರಿಯ ನೆಗೆಟಿವ್ ವೈರನ್ನು ಹತ್ತು ನಿಮಿಷ ತೆಗೆದಿಟ್ಟು, ಮತ್ತೆ ಸ್ಟಾರ್ಟ್ ಮಾಡಿ, ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಬಿಟ್ಟೆ. ಮುಳ್ಳು 850ರಲ್ಲಿ ನಿಂತಿತು. ಅಪ್ಪ ಬಾನೆಟ್ಟಿಗೆ ಕಿವಿಗೊಟ್ಟು, ‘ಸ್ಟಾರ್ಟ್ ಆಗೈತೇನೋ ಇದು?’ ಎಂದರು. ಮರುದಿನದ ಸಂತೆಗೆ ಅದೇ ಗಾಡಿ ಹೋಯಿತು.

ಗ್ಯಾರೇಜಿನವರು ಮೋಸ ಮಾಡಿದರು ಎಂದು ನನಗನಿಸುವುದಿಲ್ಲ. ಅವರ ಮುಂದೆ ಗಾಡಿಗಳ ಸಾಲಿರುತ್ತದೆ, ಭಾಗ ಬದಲಿಸುವುದು ಬೇಗ ಮುಗಿಯುವ ಕೆಲಸ. ನನ್ನ ಬಳಿ ಇದ್ದದ್ದು ಎರಡು ದಿನದ ಬಿಡುವು, ಒಂದು ನೋಟ್‌ಬುಕ್. ನೀವೂ ಪ್ರಯತ್ನಿಸುವುದಾದರೆ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ದುಪಟ್ಟಾ, ಸಡಿಲ ತೋಳು ಫ್ಯಾನ್ ಬಳಿ ಹೋಗದಿರಲಿ. ಬಿಸಿ ಎಂಜಿನ್ ಮೇಲೆ ಬೆಂಕಿ ಹತ್ತುವ ಸ್ಪ್ರೇ ಬೇಡ.

ರೆಸ್ಯೂಮೆಯಲ್ಲಿ ‘ಪ್ರಾಬ್ಲಂ ಸಾಲ್ವಿಂಗ್’ ಎಂದು ನಾವೆಲ್ಲರೂ ಬರೆಯುತ್ತೇವೆ. ಒಂದು ಉದಾಹರಣೆ ಕೊಡಿ ಎಂದು ಇಂಟರ್‌ವ್ಯೂನಲ್ಲಿ ಕೇಳಿದರೆ ಹೇಳಲು ನನ್ನ ಬಳಿ ಈಗ ಒಂದಿದೆ. ನಿಮ್ಮ ಮನೆಯಲ್ಲೂ ಕೆಟ್ಟು ಕೂತ ಮಿಕ್ಸಿಯೋ ಪಂಪ್‌ಸೆಟ್ಟೋ ಇರಬಹುದು. ಈ ರಜೆಯಲ್ಲಿ ಅದರಿಂದಲೇ ಶುರುಮಾಡಿ.