ಪೊಲೀಸ್ ಭರ್ತಿ: ಜಾಹೀರಾತು ಬಂದ ಮೇಲೆ ಓಡಲು ಹೊರಟರೆ ತಡವಾಯಿತು

ಮುಂಬಯಿ: ಮಹಾನಗರ ಹಾಗೂ ಉಪನಗರಗಳ ಯಾವುದೇ ದೊಡ್ಡ ಮೈದಾನಕ್ಕೆ ಬೆಳಗ್ಗೆ ಐದೂವರೆಗೆ ಹೋಗಿ ನೋಡಿ. ವಾಕಿಂಗ್‌ಗೆ ಬಂದ ಹಿರಿಯರ ನಡುವೆ ಬೆವರಿನಲ್ಲಿ ತೊಯ್ದು ಓಡುವ ಹುಡುಗ ಹುಡುಗಿಯರ ಗುಂಪುಗಳು ಕಾಣಸಿಗುತ್ತವೆ. ಒಬ್ಬ ಸುತ್ತು ಎಣಿಸುತ್ತಾನೆ, ಇನ್ನೊಬ್ಬಳು ಮೊಬೈಲಿನಲ್ಲಿ ಸಮಯ ನೋಡುತ್ತಾಳೆ, ಮೂಲೆಯಲ್ಲಿ ಇಬ್ಬರು ಕಬ್ಬಿಣದ ಗುಂಡನ್ನು ತಳ್ಳುತ್ತಿರುತ್ತಾರೆ. ಇವರೆಲ್ಲ ಪೊಲೀಸ್ ಭರ್ತಿಯ ತಯಾರಿಯಲ್ಲಿರುವವರು. ಅಲ್ಲಿ ಕೇಳಿಸುವುದು ಹೆಚ್ಚಾಗಿ ಮರಾಠಿ. ನಡುವೆ ಎಲ್ಲೋ ಒಮ್ಮೆ ಕನ್ನಡವೋ ತುಳುವೋ ಕಿವಿಗೆ ಬಿದ್ದರೆ ಸಂತೋಷವಾಗುತ್ತದೆ, ಆದರೆ ಅದು ಅಪರೂಪ.

ನಮ್ಮವರು ಈ ಮಹಾನಗರದಲ್ಲಿ ಹೋಟೆಲು ಕಟ್ಟಿದರು, ಬ್ಯಾಂಕು ಸೇರಿದರು, ಮಕ್ಕಳನ್ನು ಸಿ.ಎ., ಇಂಜಿನಿಯರ್ ಮಾಡಿದರು. ಪೊಲೀಸ್ ನೌಕರಿ ಮಾತ್ರ ನಮ್ಮ ಮನೆಗಳ ಪಟ್ಟಿಯಲ್ಲಿ ಅಷ್ಟಾಗಿ ಸೇರಲಿಲ್ಲ. ಕಾರ್ಕಳ ತಾಲೂಕಿನ ಎಣ್ಣೆಹೊಳೆಯಿಂದ ಬಂದು, ಹೋಟೆಲಿನಲ್ಲಿ ದುಡಿಯುತ್ತಲೇ ಓದಿ, 1995ರಲ್ಲಿ ಮುಂಬಯಿ ಪೊಲೀಸ್ ಪಡೆ ಸೇರಿ 2025ರಲ್ಲಿ ನಿವೃತ್ತರಾದ ದಯಾ ನಾಯಕ್ ಅವರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಆದರೆ ಸ್ವಂತ ಮಗ ಅಥವಾ ಮಗಳು "ಅಪ್ಪಾ, ನಾನು ಭರ್ತಿಗೆ ಹೋಗುತ್ತೇನೆ" ಎಂದರೆ ಮನೆಯಲ್ಲಿ ಮೌನ ಕವಿಯುತ್ತದೆ. ಆ ಮೌನಕ್ಕೆ ಅರ್ಧ ಕಾರಣ ಅಪರಿಚಿತ ದಾರಿ, ಇನ್ನರ್ಧ ಭಯ. ಓಡುವಾಗ ಕುಸಿದು ಬಿದ್ದವರ ಸುದ್ದಿ ಪತ್ರಿಕೆಯಲ್ಲಿ ಓದಿದವರ ಭಯ ಅದು. ಎರಡರ ಬಗ್ಗೆಯೂ ಮಾತನಾಡಬೇಕಾಗಿದೆ.

ಮೊದಲು ಲೆಕ್ಕಾಚಾರ. ಮಹಾರಾಷ್ಟ್ರದಲ್ಲಿ 2024ರ ಭರ್ತಿಯಲ್ಲಿ 17,471 ಹುದ್ದೆಗಳಿಗೆ ಸುಮಾರು 17.76 ಲಕ್ಷ ಅರ್ಜಿಗಳು ಬಂದಿದ್ದವು. ಸರಾಸರಿ ಒಂದು ಹುದ್ದೆಗೆ ನೂರು ಮಂದಿ. 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಮತ್ತೆ 15 ಸಾವಿರಕ್ಕೂ ಮಿಕ್ಕಿ ಹುದ್ದೆಗಳ ಭರ್ತಿಗೆ ಒಪ್ಪಿಗೆ ನೀಡಿತು. ಶಿಪಾಯಿ ಹುದ್ದೆಗೆ ಹನ್ನೆರಡನೇ ತರಗತಿ ಪಾಸಾಗಿದ್ದರೆ ಸಾಕು. ಎತ್ತರ ಪುರುಷರಿಗೆ 165 ಸೆಂ.ಮೀ., ಮಹಿಳೆಯರಿಗೆ 155 ಸೆಂ.ಮೀ. ಪುರುಷರ ಎದೆಯ ಸುತ್ತಳತೆ 79 ಸೆಂ.ಮೀ. ಇದ್ದು, ಉಸಿರೆಳೆದಾಗ ಕನಿಷ್ಠ 5 ಸೆಂ.ಮೀ. ಹಿಗ್ಗಬೇಕು. ಮಹಿಳೆಯರಿಗೆ ಶೇ. 30ರ ಮೀಸಲಾತಿ ಇದೆ ಎಂಬುದು ನಮ್ಮ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಮೈದಾನದ ಪರೀಕ್ಷೆಗೆ 50 ಅಂಕ. ಪುರುಷರಿಗೆ 1600 ಮೀಟರ್ ಓಟ, ಮಹಿಳೆಯರಿಗೆ 800 ಮೀಟರ್, ಇದಕ್ಕೆ 20 ಅಂಕ. ಇಬ್ಬರಿಗೂ 100 ಮೀಟರ್ ಓಟಕ್ಕೆ 15, ಗುಂಡು ಎಸೆತಕ್ಕೆ 15. ಇದರಲ್ಲಿ ಕನಿಷ್ಠ ಅರ್ಧ, ಅಂದರೆ 25 ಅಂಕ ಪಡೆದವರಲ್ಲಿ ಮೇಲಿನವರನ್ನಷ್ಟೇ, ಒಂದು ಹುದ್ದೆಗೆ ಹತ್ತು ಮಂದಿಯಂತೆ, 100 ಅಂಕಗಳ ಲಿಖಿತ ಪರೀಕ್ಷೆಗೆ ಕರೆಯುತ್ತಾರೆ. ಕೊನೆಯ ಪಟ್ಟಿಗೆ ಎರಡೂ ಅಂಕಗಳು ಕೂಡುತ್ತವೆ.

ಊರಿನಲ್ಲಿ ಭರ್ತಿಗೆ ಹೋದ ನೆಂಟರ ಮಕ್ಕಳ ಮಾತು ಕೇಳಿ ಇಲ್ಲಿ ತಯಾರಾಗುವವರು ಎಡವುವುದು ಇಲ್ಲೇ. ಕರ್ನಾಟಕದ ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪಾಸು, ವಿಷಯ ಮುಗಿಯಿತು. ಮಹಾರಾಷ್ಟ್ರದಲ್ಲಿ ಹಾಗಲ್ಲ. 5 ನಿಮಿಷ 10 ಸೆಕೆಂಡಿನೊಳಗೆ ಮುಗಿಸಿದವನಿಗೆ ಪೂರ್ತಿ 20 ಅಂಕ. ಅಲ್ಲಿಂದ ಪ್ರತಿ 20 ಸೆಕೆಂಡಿಗೆ ಎರಡೆರಡು ಅಂಕ ಕಡಿಮೆಯಾಗುತ್ತಾ 6 ನಿಮಿಷ 50 ಸೆಕೆಂಡಿಗೆ 10ಕ್ಕೆ ಇಳಿಯುತ್ತದೆ. 7 ನಿಮಿಷ 10 ಸೆಕೆಂಡಿನವರೆಗೆ 5, ಅದು ದಾಟಿದರೆ ಸೊನ್ನೆ. ಅಂದರೆ ಊರಿನಲ್ಲಿ ಆರಾಮವಾಗಿ ಪಾಸಾಗುವ ಆರೂವರೆ ನಿಮಿಷದ ಓಟಕ್ಕೆ ಇಲ್ಲಿ ಸಿಗುವುದು ಇಪ್ಪತ್ತಕ್ಕೆ ಹನ್ನೆರಡು. ನೂರು ಮಂದಿ ಸಾಲಿನಲ್ಲಿರುವಾಗ ಆ ಎಂಟು ಅಂಕದ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಭಯದ ವಿಷಯ. 2014ರ ಜೂನ್‌ನಲ್ಲಿ ಮುಂಬಯಿ ಪೊಲೀಸ್ ಭರ್ತಿಯ ವೇಳೆ ಬಿಸಿಲಿನಲ್ಲಿ 5 ಕಿ.ಮೀ. ಓಡಿದ ಯುವಕರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಆ ಬಳಿಕ ದೂರವನ್ನು 3 ಕಿ.ಮೀ.ಗೆ ಇಳಿಸಲಾಯಿತು, ಈಗ ಅದು 1600 ಮೀಟರ್. 2024ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಝಾರ್ಖಂಡ್‌ನ ಅಬಕಾರಿ ಕಾನ್‌ಸ್ಟೇಬಲ್ ಭರ್ತಿಯಲ್ಲಿ ಪುರುಷರು ಒಂದು ಗಂಟೆಯಲ್ಲಿ 10 ಕಿ.ಮೀ. ಓಡಬೇಕಿತ್ತು. ಅಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ದೂರ ಕಡಿಮೆಯಾದ ಮಾತ್ರಕ್ಕೆ ಅಪಾಯ ಪೂರ್ತಿ ಹೋಗುವುದಿಲ್ಲ. ಹದಿನೈದು ದಿನ ಓಡಿ ಮೈದಾನಕ್ಕಿಳಿಯುವವನು, ಹಿಂದಿನ ರಾತ್ರಿ ನಿದ್ದೆಯಿಲ್ಲದೆ, ಖಾಲಿ ಹೊಟ್ಟೆಯಲ್ಲಿ, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಆಮೇಲೆ ಪ್ರಾಣವನ್ನೇ ಪಣಕ್ಕಿಟ್ಟು ಓಡಿದರೆ 1600 ಮೀಟರೂ ಹೆಚ್ಚೇ. ಆದ್ದರಿಂದ ಮಗ ಓಡಬೇಕೆಂದರೆ ಬೇಡ ಎನ್ನುವ ಬದಲು, ಆರು ತಿಂಗಳ ಮೊದಲೇ ಆರಂಭಿಸು ಎನ್ನುವುದು ಹೆತ್ತವರಿಗೆ ಒಪ್ಪುವ ಮಾತು.

ಆರಂಭಕ್ಕೂ ಮುನ್ನ ಒಮ್ಮೆ ಡಾಕ್ಟರರಲ್ಲಿಗೆ ಹೋಗಬೇಕು. ರಕ್ತದೊತ್ತಡ, ಇ.ಸಿ.ಜಿ., ಹಿಮೋಗ್ಲೋಬಿನ್ ಇಷ್ಟು ನೋಡಿಸಿದರೆ ಬಹಳ ಖರ್ಚಿಲ್ಲ. ಓಡುವಾಗ ತಲೆ ತಿರುಗಿ ಬಿದ್ದದ್ದು, ಎದೆ ನೋವು, ಮನೆಯಲ್ಲಿ ಯಾರಾದರೂ ಸಣ್ಣ ಪ್ರಾಯದಲ್ಲೇ ಹಠಾತ್ತನೆ ತೀರಿಕೊಂಡದ್ದು ಇದ್ದರೆ ಮುಚ್ಚಿಡದೆ ಹೇಳಬೇಕು. ಹುಡುಗಿಯರಲ್ಲಿ ರಕ್ತಹೀನತೆ ಸಾಮಾನ್ಯ. ಬೇಗ ಏದುಸಿರು ಬಂದರೆ ಸೋಮಾರಿ ಎಂದು ಗದರಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ಮಲೇರಿಯಾ, ಡೆಂಗ್ಯೂ ಬಂದು ಎದ್ದವರು ಡಾಕ್ಟರರು ಹೂಂ ಎನ್ನುವ ತನಕ ಓಡಲೇಬಾರದು.

ಮೊದಲ ದಿನ 1600 ಮೀಟರ್ ಓಡಿ ಸಮಯ ಬರೆದಿಡಿ. 400 ಮೀಟರಿನ ಟ್ರ್ಯಾಕ್‌ನಲ್ಲಿ ಅದು ನಾಲ್ಕು ಸುತ್ತು. ಎಂಟು ನಿಮಿಷ ಹಿಡಿದರೂ ನಾಚಿಕೆಪಡುವಂತಿಲ್ಲ. ಮೊದಲ ತಿಂಗಳು ವಾರಕ್ಕೆ ನಾಲ್ಕು ದಿನ, ಅರ್ಧ ಗಂಟೆ, ಪಕ್ಕದವರೊಡನೆ ಮಾತನಾಡಲು ಆಗುವಷ್ಟು ನಿಧಾನವಾಗಿ ಓಡಬೇಕು. ನಮ್ಮ ಹುಡುಗರಿಗೆ ಈ ನಿಧಾನವೇ ಬಹಳ ಕಷ್ಟ. ಬಂದ ದಿನವೇ ಜೋರಾಗಿ ಓಡಿ, ಮೂರನೇ ವಾರಕ್ಕೆ ಮೊಣಕಾಲಿನ ಕೆಳಗಿನ ಎಲುಬು ನೋವೆಂದು ಮನೆಯಲ್ಲಿ ಕೂರುವವರೇ ಹೆಚ್ಚು. ಎರಡನೇ ತಿಂಗಳಿನಿಂದ ವಾರದಲ್ಲಿ ಒಂದು ದಿನ 400 ಮೀಟರನ್ನು ನಾಲ್ಕೈದು ಸಲ, ನಡುವೆ ಎರಡು ಮೂರು ನಿಮಿಷ ನಡೆದು, ಗುರಿಯ ವೇಗದಲ್ಲಿ ಓಡಬೇಕು. ಮತ್ತೊಂದು ದಿನ 60-80 ಮೀಟರಿನ ಬಿರುಸಿನ ಓಟ ಆರು ಸಲ, ಇದು 100 ಮೀಟರಿಗೆ. ಉಳಿದ ದಿನ ನಿಧಾನದ ಓಟ, ಒಂದು ದಿನ ಪೂರ್ತಿ ವಿಶ್ರಾಂತಿ. ಹದಿನೈದು ದಿನಕ್ಕೊಮ್ಮೆ ಸಮಯ ನೋಡಿದರೆ ಸಾಕು.

ಓಟದಲ್ಲಿ ಅಂಕ ಕಳೆಯುವುದು ಮೊದಲ ಸುತ್ತಿನಲ್ಲಿ. 6 ನಿಮಿಷ 10 ಸೆಕೆಂಡಿನ ಗುರಿ ಇದ್ದವನು ಪ್ರತಿ ಸುತ್ತನ್ನು 92 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸಬೇಕು. ಆದರೆ ಶಿಳ್ಳೆ ಊದಿದ ಕೂಡಲೇ ಎಲ್ಲರೂ ನುಗ್ಗುತ್ತಾರೆ, ಅವನೂ ಅವರೊಡನೆ 75 ಸೆಕೆಂಡಿನಲ್ಲಿ ಒಂದು ಸುತ್ತು ಹಾಕುತ್ತಾನೆ, ಮೂರನೇ ಸುತ್ತಿನಲ್ಲಿ ಕಾಲು ಏಳುವುದಿಲ್ಲ. ಇದನ್ನು ಬಾಯಿಮಾತಿನಲ್ಲಿ ಕಲಿಸಲಾಗದು. ಗುಂಪಿನಲ್ಲಿ ಓಡಿ ಓಡಿಯೇ ಅಭ್ಯಾಸವಾಗಬೇಕು.

ಗುಂಡು ಎಸೆತವನ್ನು ಎಲ್ಲರೂ ಕಡೆಗಣಿಸುತ್ತಾರೆ. ಪುರುಷರ ಗುಂಡು 7.26 ಕಿಲೋ, ಮಹಿಳೆಯರದು 4 ಕಿಲೋ. ಪೂರ್ತಿ 15 ಅಂಕಕ್ಕೆ ಪುರುಷರು 8.50 ಮೀಟರ್, ಮಹಿಳೆಯರು 6 ಮೀಟರ್ ದಾಟಿಸಬೇಕು. ಓಟದಲ್ಲಿ 20 ಸೆಕೆಂಡು ಕಡಿಮೆ ಮಾಡಲು ತಿಂಗಳುಗಳೇ ಬೇಕು, ಆದರೆ ಗುಂಡಿನಲ್ಲಿ ಸರಿಯಾದ ವಿಧಾನ ಕಲಿತರೆ ಕೆಲವೇ ವಾರಗಳಲ್ಲಿ ದೂರ ಹೆಚ್ಚುತ್ತದೆ. ಕ್ರಿಕೆಟ್ ಚೆಂಡಿನಂತೆ ಬೀಸಿ ಎಸೆದರೆ ಫೌಲ್ ಮಾತ್ರವಲ್ಲ, ಭುಜವೂ ಹೋಗುತ್ತದೆ. ಗುಂಡನ್ನು ಬೆರಳುಗಳ ಬುಡದಲ್ಲಿ ಕೂರಿಸಿ ಕುತ್ತಿಗೆಗೆ ಒತ್ತಿ ಹಿಡಿದು, ಮೊಣಕಾಲು ಬಗ್ಗಿಸಿ, ಕಾಲಿನ ಬಲದಿಂದ ಎದ್ದು ತಿರುಗಿ ತಳ್ಳಬೇಕು. ಅಭ್ಯಾಸ ಮಾಡುವಾಗ ಎದುರಿಗೆ ಯಾರೂ ಇರಬಾರದು. ವಾಕಿಂಗ್‌ಗೆ ಬರುವ ಅಜ್ಜಂದಿರಿಗೆ ಇದು ಗೊತ್ತಿರುವುದಿಲ್ಲ.

ಚೌಪಾಟಿಯ ಮರಳಿನಲ್ಲಿ ಓಡಿದರೆ ಕಾಲು ಗಟ್ಟಿಯಾಗುತ್ತದೆ ಎಂಬ ನಂಬಿಕೆ ಇದೆ. ವಾರಕ್ಕೊಮ್ಮೆ ಸರಿ, ದಿನವೂ ಓಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಕಾಂಕ್ರೀಟು ರಸ್ತೆ ಅದಕ್ಕಿಂತ ಕೆಟ್ಟದು, ಮಣ್ಣಿನ ಮೈದಾನವೇ ಉತ್ತಮ. ಮುಂಬಯಿಯ ಹವೆಯಲ್ಲಿ ಬೆವರು ಆರದೆ ಮೈ ಒಳಗೇ ಕಾಯುತ್ತದೆ. ಓಡುವವನು ತೊದಲಿದರೆ, ಗೊಂದಲಗೊಂಡರೆ, ತೂರಾಡಿದರೆ ಅದು ಸುಸ್ತಲ್ಲ. ಆ ಕ್ಷಣವೇ ನಿಲ್ಲಿಸಿ, ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿಯುತ್ತಾ ಆಸ್ಪತ್ರೆಗೆ ಒಯ್ಯಬೇಕು.

ಆಹಾರಕ್ಕೆ ಡಬ್ಬದ ಪುಡಿ ಬೇಕಿಲ್ಲ. ಕುಚ್ಚಲಕ್ಕಿ ಗಂಜಿ, ರಾಗಿ, ಜೋಳದ ರೊಟ್ಟಿ, ಹುರುಳಿ ಸಾರು, ಮೊಟ್ಟೆ, ಮೀನು, ಮಜ್ಜಿಗೆ, ಬಾಳೆಹಣ್ಣು, ಇವೆಲ್ಲ ನಮ್ಮ ಅಡುಗೆ ಮನೆಯಲ್ಲೇ ಇವೆ. ಇಲ್ಲದ್ದು ನಿದ್ದೆ. ರಾತ್ರಿ ಒಂದು ಗಂಟೆಗೆ ಶಟರ್ ಎಳೆದು ಮಲಗುವ ಹೋಟೆಲ್ ಹುಡುಗ ಐದಕ್ಕೆ ಎದ್ದು ಓಡಿದರೆ ಮೈ ಕರಗುತ್ತದೆಯೇ ಹೊರತು ಬಲ ಬರುವುದಿಲ್ಲ. ಅಂಥವನಿಗೆ ಮಾಲಕರು ಆರು ತಿಂಗಳು ಹಗಲಿನ ಪಾಳಿ ಕೊಟ್ಟರೆ ದೊಡ್ಡ ಉಪಕಾರ. ಭರ್ತಿಯ ಕಾಲದಲ್ಲಿ "ದಮ್ಮು ಹೆಚ್ಚುತ್ತದೆ" ಎಂದು ಇಂಜೆಕ್ಷನ್ ಮಾರುವವರು ಸುತ್ತಾಡುತ್ತಾರೆ. ಅದನ್ನು ಮುಟ್ಟಿದರೆ ಸಿಕ್ಕಿಬಿದ್ದಾಗ ನೌಕರಿ ಹೋಗುತ್ತದೆ, ಸಿಕ್ಕಿಬೀಳದಿದ್ದರೆ ಹೃದಯ.

ಮೈದಾನದಲ್ಲಿ ಗೆದ್ದು ಕಾಗದದಲ್ಲಿ ಸೋಲುವುದು ವಲಸೆ ಬಂದ ನಮ್ಮಂಥವರ ವಿಶೇಷ ಸಂಕಟ. ಮಹಾರಾಷ್ಟ್ರದ ಅಧಿವಾಸ ಪ್ರಮಾಣಪತ್ರ, ಅಂದರೆ ಡೊಮಿಸೈಲ್, ಬೇಕೇ ಬೇಕು. ಕರ್ನಾಟಕದ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಇಲ್ಲಿನ ಮೀಸಲಾತಿಗೆ ನಡೆಯುವುದಿಲ್ಲ. ಪರಿಶಿಷ್ಟ ಜಾತಿಯವರಾದರೆ 1950ರ ಆಗಸ್ಟ್ 10ಕ್ಕೆ, ಇತರ ಹಿಂದುಳಿದ ವರ್ಗದವರಾದರೆ 1967ರ ಅಕ್ಟೋಬರ್ 13ಕ್ಕೆ ಮುಂಚಿನಿಂದಲೇ ಕುಟುಂಬ ಈ ರಾಜ್ಯದಲ್ಲಿತ್ತೆಂದು ದಾಖಲೆ ತೋರಿಸಬೇಕು. ಅಜ್ಜನ ಶಾಲಾ ದಾಖಲೆ, ಹಳೆಯ ಬಾಡಿಗೆ ಚೀಟಿ ಹುಡುಕಲು ತಿಂಗಳುಗಳೇ ಹಿಡಿಯುತ್ತವೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುವವರ ಮಕ್ಕಳಲ್ಲಿ ಓಡುವ ಕಸುವು ಬೇಕಾದಷ್ಟಿದೆ, ಈ ಕಾಗದ ಮಾತ್ರ ಇಲ್ಲ. ಅಂಥವರು ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸಬೇಕಾಗುತ್ತದೆ, ವಯೋಮಿತಿಯೂ 28ಕ್ಕೇ ನಿಲ್ಲುತ್ತದೆ. ಲಿಖಿತ ಪರೀಕ್ಷೆ ಮರಾಠಿಯಲ್ಲಿ, ಅದರಲ್ಲಿ ಮರಾಠಿ ವ್ಯಾಕರಣವೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಓಟದ ಜೊತೆಗೇ ಅದನ್ನೂ ಹಿಡಿಯಬೇಕು.

ಹಿಂದೆ ಈ ನಗರದ ಕನ್ನಡ ರಾತ್ರಿ ಶಾಲೆಗಳು ಹೋಟೆಲಿನ ಹುಡುಗರನ್ನು ಮೆಟ್ರಿಕ್ ದಾಟಿಸಿದವು. ಇಂದು ನಮ್ಮ ಸಂಘಗಳಿಗೆ ಸ್ವಂತ ಕಟ್ಟಡಗಳಿವೆ, ಸಭಾಗೃಹಗಳಿವೆ. ಸಂಜೆ ಒಂದು ಗಂಟೆ ಮರಾಠಿ ವ್ಯಾಕರಣ ಹೇಳಿಕೊಡಲು ನಿವೃತ್ತ ಶಿಕ್ಷಕರೊಬ್ಬರು ಸಿಗಲಾರರೇ? ಎರಡು ಗುಂಡು, ಒಂದು ಅಳತೆ ಪಟ್ಟಿ, ಒಂದು ಸ್ಟಾಪ್‌ವಾಚ್‌ಗೆ ತಗಲುವ ಹಣ ವಾರ್ಷಿಕೋತ್ಸವದ ಹಾರ-ಶಾಲುಗಳ ಖರ್ಚಿಗಿಂತ ಕಡಿಮೆಯೇ ಆದೀತು.

ಇನ್ನೊಂದು ಮಾತು. ಭರ್ತಿಯ ದಿನಗಳಲ್ಲಿ ಹೊರ ಜಿಲ್ಲೆಗಳಿಂದ ಮುಂಬಯಿಗೆ ಬಂದ ಅಭ್ಯರ್ಥಿಗಳು ಮೈದಾನದ ಹೊರಗೆ ಫುಟ್‌ಪಾತ್ ಮೇಲೆ ರಾತ್ರಿ ಕಳೆದದ್ದನ್ನು ಕಂಡಿದ್ದೇವೆ. ಅವರಲ್ಲಿ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯ, ಮನೆಯಲ್ಲಿ ಕನ್ನಡವನ್ನೇ ಆಡುವ ಹುಡುಗ ಹುಡುಗಿಯರೂ ಇರುತ್ತಾರೆ. ಮದುವೆ, ಪೂಜೆ ಇಲ್ಲದ ದಿನ ಸಭಾಗೃಹದ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಹುಡುಗಿಯರಿಗೆ ಬೇರೆ ಕೋಣೆ ಕೊಟ್ಟು, ಬೆಳಗ್ಗೆ ನಾಲ್ಕಕ್ಕೆ ಒಂದು ಲೋಟ ಚಹಾ, ಎರಡು ಬಾಳೆಹಣ್ಣು ಕೈಗಿತ್ತು ಕಳುಹಿಸಲು ಯಾವ ನಿರ್ಣಯವೂ ಬೇಕಾಗಿಲ್ಲ. ಬೀಗದ ಕೈ ಇರುವ ಪದಾಧಿಕಾರಿಗಳು ಮನಸ್ಸು ಮಾಡಿದರಾಯಿತು.