ಗಟ್ಟದ ಮೇಲಿನವರ ಕೂರ್ಮಗಡ

ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯೂ ಹುಬ್ಬಳ್ಳಿಯ ಕಡೆಯಿಂದ ಬರುವ ತೊರೆಯೂ ಕಲಘಟಗಿಯ ಹತ್ತಿರ ಕೂಡಿ ಬೇಡ್ತಿಯಾಗುತ್ತವೆ. ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಪಡೆದು, ಅಂಕೋಲಾ ಮತ್ತು ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ, ಕಾರವಾರದಲ್ಲಿ ಕಾಳಿ ನದಿ ಕಡಲಿಗೆ ಬೀಳುವ ಅಳಿವೆಯ ಎದುರು, ಆಮೆಯ ಬೆನ್ನಿನಂತೆ ಕಾಣುವ ಒಂದು ನಡುಗಡ್ಡೆಯಿದೆ. ಅದೇ ಕೂರ್ಮಗಡ. ಅದರ ಮೇಲೆ ನರಸಿಂಹ ದೇವರ ಚಿಕ್ಕ ಗುಡಿ. ವರ್ಷವಿಡೀ ಹೆಚ್ಚು ಜನ ಸುಳಿಯದ ಈ ಗುಡ್ಡಕ್ಕೆ ಪುಷ್ಯ ಹುಣ್ಣಿಮೆಯ ಜಾತ್ರೆಗೆ ಸಾವಿರಾರು ಜನ ದೋಣಿಯಲ್ಲಿ ಹೋಗುತ್ತಾರೆ. ಮೀನುಗಾರರು ಬಾಳೆಗೊನೆಯ ಹರಕೆ ಒಪ್ಪಿಸುತ್ತಾರೆ. ಹುಬ್ಬಳ್ಳಿ-ಧಾರವಾಡದ ಓದುಗರಿಗೆ ಈ ನಡುಗಡ್ಡೆಯ ಪರಿಚಯ ಯಾಕೆ ಬೇಕು ಎಂದರೆ, 2019ರ ಜನವರಿ 21ರಂದು ಅಲ್ಲಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ತೀರಿಕೊಂಡರು. ಸತ್ತವರಲ್ಲಿ ದೊಡ್ಡ ಪಾಲು ಗಟ್ಟದ ಮೇಲಿನವರು, ನಮ್ಮ ಸೀಮೆಯವರು. ಆ ಸಾವುಗಳ ನೆನಪು ಕಾರವಾರದ ದಂಡೆಯಲ್ಲಿ ಇದ್ದರೆ ಸಾಲದು, ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿಯೂ ಇರಬೇಕು ಎಂಬುದು ಈ ಬರಹದ ವಾದ.

ನಡೆದದ್ದು ಇಷ್ಟು. ಅಂದು ಸೋಮವಾರ. ಮಧ್ಯಾಹ್ನ ಸುಮಾರು ಮೂರು ಗಂಟೆಗೆ, ದರ್ಶನ ಮುಗಿಸಿದ 30ಕ್ಕೂ ಹೆಚ್ಚು ಜನರನ್ನು ತುಂಬಿಕೊಂಡ ದೋಣಿ ನಡುಗಡ್ಡೆಯಿಂದ ಹೊರಟಿತು. ಅದು ಹೊರಬಹುದಾದದ್ದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಹೆಚ್ಚಿನವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಅಲೆಗಳ ಹೊಡೆತಕ್ಕೆ ದೋಣಿ ಒಂದು ಬದಿಗೆ ವಾಲಿ ಮಗುಚಿತು. ಜಾತ್ರೆಯಿಂದ ಮರಳುತ್ತಿದ್ದ ಬೇರೆ ದೋಣಿಗಳು ಹತ್ತಿರವೇ ಇದ್ದುದರಿಂದ ಹಲವರು ಬದುಕಿದರು. ಮೀನುಗಾರರ ಜೊತೆ ಕರಾವಳಿ ಕಾವಲು ಪಡೆಯವರೂ ನೌಕಾಪಡೆಯವರೂ ಶೋಧಕ್ಕೆ ಇಳಿದರು. ಕೊನೆಯ ಶವಗಳು ಸಿಗಲು ದಿನಗಳೇ ಹಿಡಿದವು. ಮೃತರಲ್ಲಿ ಹಲವರು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹೊಸೂರಿನ ಒಂದೇ ಬಳಗಕ್ಕೆ ಸೇರಿದವರು. ಅವರಲ್ಲಿ ಮಕ್ಕಳೂ ಇದ್ದರು. ಶಿಗ್ಗಾವಿ 1997ರ ತನಕ ಅವಿಭಜಿತ ಧಾರವಾಡ ಜಿಲ್ಲೆಯ ಊರು. ಇಂದಿಗೂ ಅದು ಧಾರವಾಡ ಲೋಕಸಭಾ ಕ್ಷೇತ್ರದೊಳಗೇ ಇದೆ. ಆಡಳಿತದ ಗೆರೆ ಏನೇ ಇರಲಿ, ಆಸ್ಪತ್ರೆಗೆ, ಸಂತೆಗೆ, ಕಾಲೇಜಿಗೆ ಆ ಭಾಗದ ಜನ ನೋಡುವುದು ಹುಬ್ಬಳ್ಳಿಯ ಕಡೆಗೇ.

ಇಂಥ ದುರಂತ ಈ ಭಾಗದ ನೆನಪಿನಲ್ಲಿ ಆಳವಾಗಿ ಯಾಕೆ ಉಳಿಯಲಿಲ್ಲ? ಮೊದಲ ಕಾರಣ ಯಾರ ತಪ್ಪೂ ಅಲ್ಲ. ಅದೇ ದಿನ ಬೆಳಿಗ್ಗೆ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾಗಿದ್ದರು. 111 ವರ್ಷ ಬದುಕಿ ಲಕ್ಷಾಂತರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಹಿರಿಯರ ಅಗಲಿಕೆಗೆ ನಾಡು ತಲೆಬಾಗಿದ್ದು ಸಹಜವೇ. ಮನೆಮನೆಯ ಟಿ.ವಿ.ಯಲ್ಲಿ ಅಂದು ತುಮಕೂರೇ ಇತ್ತು. ಕಾರವಾರದ ಸುದ್ದಿ ಆ ದೊಡ್ಡ ದುಃಖದ ಪಕ್ಕದಲ್ಲಿ ಸಣ್ಣದಾಗಿ ಕೂತಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಮಾರ್ಚ್ 19ರಂದು, ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತರು. ಅವಶೇಷಗಳ ಅಡಿಯಿಂದ ಜನರನ್ನು ಹೊರತೆಗೆಯುವ ಕೆಲಸ ದಿನಗಟ್ಟಲೆ ನಡೆದದ್ದನ್ನು ಊರು ಕಣ್ಣಾರೆ ಕಂಡಿತು. ಎರಡೂ ಮನುಷ್ಯರ ಅಜಾಗರೂಕತೆಯ ಸಾವುಗಳೇ, ಸತ್ತವರ ಸಂಖ್ಯೆಯಲ್ಲೂ ಹೆಚ್ಚು ಅಂತರವಿಲ್ಲ. ಆದರೆ ಕುಸಿದ ಕಟ್ಟಡಕ್ಕೆ ಒಂದು ವಿಳಾಸವಿದೆ. ಆ ರಸ್ತೆಯಲ್ಲಿ ಹೋಗುವವರು ಬೆರಳು ತೋರಿಸಿ ‘ಇಲ್ಲೇ’ ಎನ್ನುತ್ತಾರೆ. ಅಳಿವೆಯ ನೀರಿಗೆ ಹಾಗೆ ಬೆರಳು ತೋರಿಸಲು ಬರುವುದಿಲ್ಲ. ಅರ್ಧ ಗಂಟೆಯಲ್ಲಿ ಅದು ಮತ್ತೆ ಮೊದಲಿನಂತೆಯೇ ಕಾಣುತ್ತದೆ. ನೀರಿನಲ್ಲಿ ಆದ ಸಾವಿಗೆ ಗುರುತು ಬೇಕೆಂದರೆ ಅದನ್ನು ನೆಲದ ಮೇಲೆಯೇ ನೆಡಬೇಕು.

ಯಾವ ನೆಲದಲ್ಲಿ ಎಂಬ ಪ್ರಶ್ನೆಗೆ ದೂರದ ದೇಶವೊಂದು ಕೊಟ್ಟ ಉತ್ತರ ನೋಡಬೇಕು. 2014ರ ಏಪ್ರಿಲ್ 16ರಂದು ದಕ್ಷಿಣ ಕೊರಿಯಾದ ಸೆವೋಲ್ ಹಡಗು ಜಿಂಡೋ ದ್ವೀಪದ ಬಳಿ ಮುಳುಗಿ 304 ಜನ ಸತ್ತರು. ಅವರಲ್ಲಿ 250 ಮಂದಿ ಅನ್ಸಾನ್ ಎಂಬ ಊರಿನ ಒಂದೇ ಹೈಸ್ಕೂಲಿನ ವಿದ್ಯಾರ್ಥಿಗಳು. ಹಡಗು ಮುಳುಗಿದ್ದು ದೇಶದ ತೆಂಕಣ ತುದಿಯಲ್ಲಿ, ಅನ್ಸಾನ್ ಇರುವುದು ರಾಜಧಾನಿ ಸೋಲ್‌ನ ಪಕ್ಕದಲ್ಲಿ. ಕಡಲ ಬದಿಯ ಬಂದರಿನಲ್ಲೂ ನೆನಪಿನ ಗುರುತುಗಳಿವೆ. ಆದರೆ ಮಕ್ಕಳು ಕೂರುತ್ತಿದ್ದ ತರಗತಿಗಳ ಬೆಂಚು, ಮೇಜು, ಹಲಗೆಗಳನ್ನು ಹಾಗೆಯೇ ಕಾಪಾಡಿ ಇಟ್ಟಿರುವುದು ಅನ್ಸಾನ್‌ನಲ್ಲಿ. ಹೊರಟ ಊರೇ ನೆನಪಿನ ಊರಾಯಿತು. ಇದಕ್ಕೆ ತದ್ವಿರುದ್ಧವಾದ ಕಥೆ ಕೇರಳದ್ದು. 1924ರ ಜನವರಿಯಲ್ಲಿ ಪಲ್ಲನದ ಬಳಿ ‘ರಿಡೀಮರ್’ ಎಂಬ ದೋಣಿ ಮುಳುಗಿ ಮಲಯಾಳದ ಮಹಾಕವಿ ಕುಮಾರನ್ ಆಶಾನ್ ತೀರಿಕೊಂಡರು. ಆ ಜಾಗ ಈಗ ಕುಮಾರಕೋಡಿ, ಅಲ್ಲಿ ಕವಿಯ ಸ್ಮಾರಕವಿದೆ. ಅದೇ ದೋಣಿಯಲ್ಲಿ ಸತ್ತ ಉಳಿದವರ ಹೆಸರು ಇಂದು ಯಾರ ಬಾಯಲ್ಲೂ ಇಲ್ಲ. ಹೊಸೂರಿನ ಬಳಗದಲ್ಲಿ ಕವಿಗಳಿರಲಿಲ್ಲ. ಅವರು ರಜೆಗೆ, ಜಾತ್ರೆಗೆ ಹೊರಟ ಸಾಮಾನ್ಯ ಜನ. ಅಂಥವರನ್ನು ಅವರ ಸೀಮೆಯೇ ನೆನೆಯದಿದ್ದರೆ ಬೇರೆ ಯಾರೂ ನೆನೆಯಲಾರರು.

‘ಕಡಲು ಕರಾವಳಿಯವರದ್ದು, ಜವಾಬ್ದಾರಿಯೂ ಅವರದ್ದೇ’ ಎಂಬ ಆಕ್ಷೇಪ ಬರುತ್ತದೆ. ಚರಿತ್ರೆ ಅದನ್ನು ಒಪ್ಪುವುದಿಲ್ಲ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ, ಈ ಹತ್ತಿಗೆ ಕಾರವಾರದ ಬಂದರು ಬೇಕೆಂಬ ಲೆಕ್ಕಾಚಾರ ಇತ್ತು. ನಮ್ಮ ಎರೆಹೊಲಗಳಲ್ಲಿ ಬೆಳೆದ ಅರಳೆ ಮಾರುಕಟ್ಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಗಿತ್ತು. ಬೆಳೆದದ್ದು ಇಲ್ಲಿ, ಹೆಸರು ಬಂದರಿನದ್ದು. ಮುಂದೆ ರೈಲು ಗೋವಾದ ಮರ್ಮಗೋವಾ ಬಂದರಿನ ಕಡೆ ತಿರುಗಿದ್ದರಿಂದ ಆ ವ್ಯಾಪಾರ ಕರಗಿತು, ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗವಂತೂ ದಶಕಗಳಿಂದ ನೆನೆಗುದಿಗೆ ಬಿದ್ದಿದೆ. ಆದರೂ ಜನ ಇಳಿಯುವುದು ನಿಂತಿಲ್ಲ. ಅರಬೈಲು ಗಟ್ಟದ ದಾರಿಯಲ್ಲಿ ಗೋಕರ್ಣಕ್ಕೆ, ಮುರ್ಡೇಶ್ವರಕ್ಕೆ, ಕಾರವಾರಕ್ಕೆ ಬಸ್ಸು, ಟೆಂಪೊ, ಶಾಲಾ ಪ್ರವಾಸದ ವಾಹನಗಳು ಹೋಗುತ್ತಲೇ ಇರುತ್ತವೆ. ಉತ್ತರ ಕನ್ನಡದ ಬಸ್ಸುಗಳನ್ನೂ ಓಡಿಸುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಹುಬ್ಬಳ್ಳಿಯಲ್ಲೇ. ಜನರನ್ನು ಕಡಲಿಗೆ ಇಳಿಸುವ ಊರು ಕಡಲಿನ ಜವಾಬ್ದಾರಿಯಿಂದ ನುಣುಚಿಕೊಳ್ಳಲಾಗದು.

ಇನ್ನೊಂದು ಮಾತು, ಹೆಚ್ಚು ಗಂಭೀರವಾದದ್ದು. ಪ್ರಯಾಣಿಕರಿಗೆ ತಿಳಿವಳಿಕೆ ಬೇಕು ಎನ್ನುವುದು ಸತ್ತವರ ಮೇಲೆಯೇ ತಪ್ಪು ಹೊರಿಸಿದಂತಲ್ಲವೇ? ದೋಣಿಗೆ ಎಷ್ಟು ಜನ ಎಂದು ಎಣಿಸುವುದು, ಜಾಕೆಟ್ ಕೊಡುವುದು, ತಪಾಸಣೆ ಮಾಡುವುದು ದೋಣಿಯವರ ಮತ್ತು ಸರ್ಕಾರದ ಕೆಲಸ. ಅದರಲ್ಲಿ ಎರಡು ಮಾತಿಲ್ಲ, ಅವರ ಹೊಣೆಯನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಬಾರದು. ಆದರೆ ಆ ಹೊಣೆ ದಂಡೆಯ ಮೇಲೆ ಹೇಗೆ ಸಡಿಲುತ್ತದೆ ಎಂಬುದನ್ನೂ ನೋಡಬೇಕು. ಜಾತ್ರೆಗೆ ಹೋಗುವಾಗ ಜನ ಬೆಳಗಿನಿಂದ ಚದುರಿ ಹೋಗುತ್ತಾರೆ, ಮರಳುವಾಗ ಎಲ್ಲರಿಗೂ ಒಟ್ಟಿಗೇ ಬರಬೇಕು. ಮಕ್ಕಳಿಗೆ ಹಸಿವು, ಹಿರಿಯರಿಗೆ ದಣಿವು, ಮುಂದೆ ಗಟ್ಟ ಹತ್ತಿ ಊರು ಮುಟ್ಟುವ ಚಿಂತೆ. ಬಳಗವನ್ನು ಎರಡು ದೋಣಿಗೆ ಹಂಚಲು ಯಾರಿಗೂ ಮನಸ್ಸಿಲ್ಲ, ‘ಒಟ್ಟಿಗೇ ಹೋಗೋಣ’ ಎನ್ನುತ್ತಾರೆ. ಕುಟುಂಬದ ಅಕ್ಕರೆಯೇ ದೋಣಿಯ ಭಾರವಾಗುತ್ತದೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮುಳುಗಿದ ದೋಣಿಯಲ್ಲಿ ಸತ್ತ 22 ಜನರ ಪೈಕಿ 11 ಮಂದಿ ಒಂದೇ ಕುಟುಂಬದವರು. ಅದು ಮೀನುಗಾರಿಕೆಯ ದೋಣಿಯನ್ನು ಪ್ರವಾಸಿಗರಿಗಾಗಿ ಮಾರ್ಪಡಿಸಿದ್ದು. ಹೊಸ ಒಳನಾಡು ಹಡಗುಗಳ ಕಾಯ್ದೆ 2021ರಲ್ಲೇ ಬಂದಿತ್ತು, ಅದಕ್ಕೂ ಮೊದಲು 1917ರಿಂದ ಹಳೆಯ ಕಾಯ್ದೆಯೂ ಇತ್ತು. ನೋಂದಣಿ, ತಪಾಸಣೆ, ಜೀವರಕ್ಷಕ ಸಾಮಗ್ರಿ ಎಲ್ಲವೂ ಬರಹದಲ್ಲಿದ್ದವು. ಜನಜಂಗುಳಿಯ ದಂಡೆಯಲ್ಲಿ ಆ ಬರಹಕ್ಕೆ ಬಲ ಕೊಡಬಲ್ಲವರು ‘ಈ ದೋಣಿ ಹತ್ತುವುದಿಲ್ಲ’ ಎಂದು ಹೇಳಬಲ್ಲ ಪ್ರಯಾಣಿಕರು.

ಹಾಗೆ ಹೇಳಲು ಕಡಲಿನ ಬಗ್ಗೆ ನಾಲ್ಕು ವಿಷಯ ಗೊತ್ತಿರಬೇಕು. ಬಯಲುಸೀಮೆಯವರಿಗೆ ಅವು ಗೊತ್ತಿರುವುದಿಲ್ಲ, ಗೊತ್ತಿರಲು ಕಾರಣವೂ ಇಲ್ಲ. ನಮಗೆ ದೋಣಿ ಎಂದರೆ ಉಣಕಲ್ ಕೆರೆಯ ವಿಹಾರ, ನೀರು ಎಂದರೆ ಕಟ್ಟೆಯೊಳಗೆ ನಿಂತ ನೀರು. ಅಳಿವೆಯ ನೀರು ನಿಲ್ಲುವುದಿಲ್ಲ. ನದಿ ಹೊರಕ್ಕೆ ನೂಕುತ್ತದೆ, ಕಡಲು ಒಳಕ್ಕೆ ನೂಕುತ್ತದೆ, ನಡುವೆ ಮರಳಿನ ದಿಬ್ಬಗಳು. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಉಬ್ಬರ-ಇಳಿತದ ಏರಿಳಿತ ಹೆಚ್ಚು, ಮಧ್ಯಾಹ್ನದ ಬಳಿಕ ಪಡುವಣ ಗಾಳಿಯೂ ಏಳುತ್ತದೆ. ಇಳಿಯುವ ನೀರಿಗೆ ಎದುರು ಗಾಳಿ ಬೀಸಿದರೆ ಅಲೆ ಒತ್ತೊತ್ತಾಗಿ, ಕಡಿದಾಗಿ ಏಳುತ್ತದೆ. 2019ರ ದೋಣಿ ಇದರಿಂದಲೇ ಮಗುಚಿತು ಎಂದು ಇಲ್ಲಿ ಸಾಧಿಸುತ್ತಿಲ್ಲ. ಆದರೆ ಕೂರ್ಮಗಡದ ಜಾತ್ರೆ ಎಂದೂ ಹುಣ್ಣಿಮೆಗೇ ಬರುತ್ತದೆ, ಜನ ಮರಳುವುದು ಎಂದೂ ಮಧ್ಯಾಹ್ನದ ಮೇಲೇ. ಅಂದರೆ ತಿಥಿಯ ಜೊತೆಗೇ ಎಚ್ಚರಿಕೆಯೂ ಬರಬೇಕು. ಇನ್ನು ಭಾರದ ಲೆಕ್ಕ. ಜನ ಕೂತಾಗ ದೋಣಿಯ ತೂಕ ತಳಕ್ಕೆ ಹತ್ತಿರ ಇರುತ್ತದೆ, ನಿಂತಾಗ ಮೇಲೇರುತ್ತದೆ. ಅಲೆಯೊಂದು ಬಂದು ಎರಚಿದರೆ ಕಡಲು ಕಾಣದವರು ಹೆದರಿ ಇನ್ನೊಂದು ಬದಿಗೆ ಸರಿಯುತ್ತಾರೆ. ಆ ಸರಿದಾಟವೇ ಕೆಲವೊಮ್ಮೆ ದೋಣಿಯನ್ನು ಮಗುಚುತ್ತದೆ. ‘ಕೂತಲ್ಲೇ ಕೂತಿರಿ’ ಎಂಬ ಎರಡು ಪದ ಮೀನುಗಾರರ ಮಕ್ಕಳಿಗೆ ಹುಟ್ಟಿನಿಂದ ಗೊತ್ತು, ಶಿಗ್ಗಾವಿಯ ಮಗುವಿಗೆ ಯಾರಾದರೂ ಹೇಳಿಕೊಡಬೇಕು.

ದುರಂತದ ನಂತರ ಏನೂ ಆಗಿಲ್ಲವೆನ್ನುವುದು ಸುಳ್ಳಾಗುತ್ತದೆ. ಜಾತ್ರೆಗೆ ಮುನ್ನ ಕಾರವಾರದಲ್ಲಿ ಆಡಳಿತ ಸಭೆ ಸೇರಿ ಲೈಫ್ ಜಾಕೆಟ್ ಕಡ್ಡಾಯ ಮಾಡುತ್ತದೆ, ದೋಣಿಗಳಿಗೆ ಮಿತಿ ಹಾಕುತ್ತದೆ. 16 ಜನರ ಸಾವಿನಿಂದ ದಂಡೆ ಕಲಿತ ಪಾಠ ಇದು. ಆದರೆ ಪಾಠ ಅಲ್ಲೇ ನಿಂತಿದೆ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ 4 ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಅವರೂ ಪ್ರವಾಸಕ್ಕೆ ಬಂದ ಬಯಲುಸೀಮೆಯ ಮಕ್ಕಳೇ. ದಂಡೆಯಲ್ಲಿ ಹಾಕಿದ ಫಲಕವನ್ನು ಓದುವ ಹೊತ್ತಿಗೆ ಮಕ್ಕಳು ನೀರಿನ ಕಡೆ ಓಡುತ್ತಿರುತ್ತಾರೆ. ಆ ಮಾತನ್ನು ಬಸ್ಸು ಹೊರಡುವ ಮುಂಚೆ ಹೇಳಿದರೆ ಮಾತ್ರ ಅದು ಕಿವಿಗೆ ಬೀಳುತ್ತದೆ.

ಸಾವಿನ ಫಲಕ ನಿಲ್ಲಿಸಿದರೆ ಭಕ್ತರು ಹೆದರುತ್ತಾರೆ, ಜಾತ್ರೆಯ ಕಳೆ ಕೆಡುತ್ತದೆ ಎನ್ನುವವರೂ ಇದ್ದಾರೆ. ಹೋಗುವುದು, ಬಿಡುವುದು ದೇವರ ಇಚ್ಛೆ ಎನ್ನುವವರು ಇನ್ನೂ ಹೆಚ್ಚು. ಅವರ ನಂಬಿಕೆಗೆ ಗೌರವ ಇರಲಿ. ಆದರೆ 2019ರ ಆ ದಿನ ಅದೇ ದೇವರ ದರ್ಶನ ಪಡೆದ ಸಾವಿರಾರು ಜನ ಬೇರೆ ದೋಣಿಗಳಲ್ಲಿ ಸುರಕ್ಷಿತವಾಗಿ ದಂಡೆ ಮುಟ್ಟಿದರು. ಮಗುಚಿದ ದೋಣಿಯಲ್ಲಿ ಹೆಚ್ಚು ಜನ ಇದ್ದರು, ಹೆಚ್ಚಿನವರಿಗೆ ಜಾಕೆಟ್ ಇರಲಿಲ್ಲ. ಹಣೆಬರಹ ಎಂದು ಕರೆಯುವ ಮೊದಲು ಈ ಎರಡು ಸಂಗತಿಗಳನ್ನು ಎದುರಿಗೆ ಇಟ್ಟುಕೊಳ್ಳಲೇಬೇಕು.

ವಾಯವ್ಯ ಸಾರಿಗೆ ಸಂಸ್ಥೆ, ಧಾರವಾಡ ಮತ್ತು ಹಾವೇರಿ ಜಿಲ್ಲಾಡಳಿತಗಳು ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸ ಇದು: ಹುಬ್ಬಳ್ಳಿ, ಧಾರವಾಡ, ಶಿಗ್ಗಾವಿಯ ನಿಲ್ದಾಣಗಳಲ್ಲಿ, ಕರಾವಳಿಯ ಬಸ್ಸುಗಳು ನಿಲ್ಲುವ ಅಂಕಣದ ಎದುರು, 2019ರ ಜನವರಿ 21ರ ದಿನಾಂಕವೂ 16 ಎಂಬ ಸಂಖ್ಯೆಯೂ ಇರುವ ಒಂದು ಕಲ್ಲು. ಅದರ ಕೆಳಗೆ ದೋಣಿ ಹತ್ತುವವರು ತಿಳಿದಿರಬೇಕಾದ ನಾಲ್ಕು ಸಾಲು. ಪ್ರವಾಸಕ್ಕೆ ಅನುಮತಿ ಕೊಡುವ ಶಾಲೆಗಳು ಅದೇ ನಾಲ್ಕು ಸಾಲನ್ನು ಮಕ್ಕಳಿಂದ ಹೇಳಿಸಲಿ. ಪುಷ್ಯ ಮಾಸದಲ್ಲಿ ಗಟ್ಟ ಇಳಿಯುವ ಓದುಗರಲ್ಲಿ ಒಂದು ವಿನಂತಿ. ಜಾಕೆಟ್ ಕೊಡದ, ಕೂರಲು ಜಾಗವಿಲ್ಲದ ದೋಣಿ ಬಂದರೆ ಹತ್ತಬೇಡಿ, ಮುಂದಿನದಕ್ಕೆ ಕಾಯಿರಿ. ಅದೂ ತುಂಬಿದ್ದರೆ ಕಾರವಾರದ ಕೋಡಿಬಾಗದ ದಂಡೆಯಿಂದಲೇ ಕೈ ಮುಗಿಯಿರಿ, ಕೂರ್ಮಗಡದ ನರಸಿಂಹನಿಗೆ ಅದೂ ಸಲ್ಲುತ್ತದೆ.